ಕಲಾಯಿ ಮಾಮನ ಹಲ್ಲಿಗೆ ಕಲಾಯಿ

ಕಲಾಯಿ ಮಾಮನ ಹಲ್ಲೆಂದರೆ ಸಾಮಾನ್ಯವೇ? ಅರವತ್ತೆರಡು ತುಂಬಿದರೂ ಮೂವತ್ತೆರಡೂ ಅವನವೇ! ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಬಳಿಯುವುದು ಅವನ ಕಸುಬು. ಗಿರಾಕಿ ಯಾರಾದರೂ ಹಲ್ಲುನೋವೆಂದರೆ ಸಾಕು, "ಕಬ್ಬಿಣದ ಕಡಲೆ ಕೊಡಿ, ಅಗಿದು ತೋರಿಸ್ತೀನಿ" ಎಂದು ಹಲ್ಲು ಕಿರಿದು ನಿಲ್ಲುತ್ತಿದ್ದ. ಗುಟ್ಟು ಕೇಳಿದವರಿಗೆ ಉತ್ತರ ಒಂದೇ: "ತಿಕ್ಕಬೇಕು ಸ್ವಾಮಿ, ಪಾತ್ರೆ ತಿಕ್ಕಿದ ಹಾಗೆ!"

ಅಂಥವನಿಗೆ ಒಂದು ಭಾನುವಾರ ಐಸ್‌ಕ್ರೀಮಿನ ಮೊದಲ ಚಮಚಕ್ಕೇ ಹಲ್ಲು ಜುಮ್ಮೆಂದು ನೋವು ನೆತ್ತಿಗೇರಿತು. ಮೂವತ್ತೈದು ವರ್ಷಗಳಿಂದ ಭಾನುವಾರ ಸಂಜೆ ಗಂಡ ಹೆಂಡತಿ ಅದೇ ಅಂಗಡಿಯ ಮೂಲೆಯ ಮೇಜಿನಲ್ಲಿ ಕೂತು, ಒಂದೇ ಬಟ್ಟಲಿಗೆ ಎರಡು ಚಮಚ ಹಾಕುತ್ತಿದ್ದರು. ಇಡೀ ವಾರದಲ್ಲಿ ಕುಲುಮೆಯ ಹೊಗೆಯಿಲ್ಲದ ಗಂಟೆ ಅದೊಂದೇ. ಮಾಮ ಆ ದಿನ ಹೇಗೋ ನುಂಗಿದ. ಮುಂದಿನ ವಾರ ಕೆಲಸವಿದೆ ಎಂದ, ಅದರ ಮುಂದಿನ ವಾರ ಸೊಂಟ ನೋವೆಂದ. ನಾಲ್ಕನೇ ವಾರ ತಲೆನೋವೆನ್ನುತ್ತಲೇ ಹೆಂಡತಿ ಮೆಟ್ಟಿದ್ದ ಚಪ್ಪಲಿ ಕಳಚಿಟ್ಟಳು. "ನನ್ ಜೊತೆ ಬರೋದೇ ಬೇಜಾರಾಗಿದ್ರೆ ಹೇಳಿಬಿಡಿ. ನೆಪ ಯಾಕೆ?"

ಮಾಮ ಇಕ್ಕಟ್ಟಿಗೆ ಸಿಕ್ಕಿದ. ನಿಜ ಹೇಳಿದರೆ ಜಂಬ ಮಣ್ಣುಪಾಲು, ಹೇಳದಿದ್ದರೆ ಹೆಂಡತಿಯ ಜೊತೆಗಿನ ಭಾನುವಾರವೇ ಹೋಯಿತು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮರುದಿನ ಕಳ್ಳನ ಹಾಗೆ ಹೋಗಿ ಹಲ್ಲಿನ ಡಾಕ್ಟರಮ್ಮನ ಕುರ್ಚಿ ಏರಿದ.

"ಹುಳುಕಿಲ್ಲ, ಬಿರುಕಿಲ್ಲ" ಎಂದಳು ಆಕೆ. "ತಿಕ್ಕಿ ತಿಕ್ಕಿ ಮೇಲಿನ ಪದರ ಸವೆಸಿದ್ದೀರಿ, ವಸಡೂ ಸರಿದಿದೆ. ಒಳಪದರದಲ್ಲಿ ಕಣ್ಣಿಗೆ ಕಾಣದ ತೂತುಗಳಿರ್ತವೆ. ತಣ್ಣಗಿನದು ತಾಗಿದ್ರೆ ಅಲ್ಲಿಂದ ನೇರ ನರಕ್ಕೆ. ಈ ಪೇಸ್ಟು ಆ ತೂತು ಮುಚ್ಚುತ್ತೆ."

"ಅಂದ್ರೆ ಕಲಾಯಿ!"

"ಹೂಂ, ಕಲಾಯಿನೇ ಅನ್ನಿ. ಆದ್ರೆ ಒಂದೇ ದಿನಕ್ಕೆ ಹಿಡಿಯಲ್ಲ. ಮೆತ್ತನೆ ಬ್ರಷ್ಷು, ದಿನಕ್ಕೆ ಎರಡು ಸಲ. ಉಗುಳಿ, ಆದ್ರೆ ಗಳಗಳ ಬಾಯಿ ಮುಕ್ಕಳಿಸಬೇಡಿ. ಮೂರು ನಾಲ್ಕು ವಾರ ಬೇಕು. ಕಮ್ಮಿ ಆಗದಿದ್ರೆ ಮತ್ತೆ ಬನ್ನಿ."

ಅಯ್ಯೋ, ಅಲ್ಲೇ ಕೆಟ್ಟಿತು ನೋಡಿ! ತಿಕ್ಕದ ಪಾತ್ರೆಗೆ ಎಲ್ಲಾದರೂ ಕಲಾಯಿ ಹಿಡಿದೀತೇ? ಮಾಮ ಬಚ್ಚಲಿನ ಬಾಗಿಲು ಹಾಕಿಕೊಂಡು, ಮೊದಲು ಹಳೆಯ ಗಟ್ಟಿ ಬ್ರಷ್ಷಿಗೆ ಉಪ್ಪು ಹಾಕಿ ಬರಬರ ಉಜ್ಜುತ್ತಿದ್ದ. ಆಮೇಲೆ ಮೆತ್ತನೆಯದರಿಂದ ಭಕ್ತಿಯಿಂದ ಪೇಸ್ಟು ಬಳಿಯುತ್ತಿದ್ದ. ಎರಡು ವಾರದಲ್ಲಿ ಬರೀ ನೀರು ಕುಡಿದರೂ ಪ್ರಾಣ ಹೋಗುವ ಹಾಗಾಯಿತು.

ಒಂದು ಬೆಳಿಗ್ಗೆ ಬಾಗಿಲು ದಡದಡ. "ರೀ, ಬಚ್ಚಲಲ್ಲಿ ಯಾರ ಮನೆ ಹಂಡೆ ತಿಕ್ತಿದೀರಿ?"

ಬಾಯ್ತುಂಬ ನೊರೆ, ಕೈಯಲ್ಲಿ ಉಪ್ಪಿನ ಡಬ್ಬಿ. ಮಾಮ ಬಾಗಿಲು ತೆರೆದು ಇದ್ದದ್ದನ್ನೆಲ್ಲ ಹೇಳಿಬಿಟ್ಟ. ಹೆಂಡತಿ ಕೋಣೆಗೆ ಹೋಗಿ, ಬೀರುವಿನ ಬಟ್ಟೆಗಳ ಕೆಳಗಿಂದ ಅರ್ಧ ಮುಗಿದ ಟ್ಯೂಬೊಂದನ್ನು ತಂದು ಅವನದರ ಪಕ್ಕ ಇಟ್ಟಳು. ಅದೇ ಪೇಸ್ಟು.

"ನಿನಗೂನಾ? ಯಾವಾಗಿಂದ?"

"ಎರಡು ವರ್ಷ ಆಯ್ತು. ಮೊದಮೊದಲು ಐಸ್‌ಕ್ರೀಮ್ ಕರಗೋವರೆಗೂ ಚಮಚ ಆಡಿಸ್ತಾ ಕೂತಿರ್ತಿದ್ದೆ. ನೀವೆಲ್ಲಿ ನೋಡಿದ್ರಿ?"

"ನಂಗೆ ಹೇಳೋಕೇನಾಗಿತ್ತೇ?"

"ಯಾರಿಗೆ? ಕಬ್ಬಿಣದ ಕಡಲೆ ಅಗಿಯೋರಿಗಾ?"

ಮಾಮನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವಳೋ ಕಿಸಕ್ಕನೆ ನಕ್ಕು, ಗಟ್ಟಿ ಬ್ರಷ್ಷನ್ನು ಕಿತ್ತುಕೊಂಡು ಪಾತ್ರೆಗಳ ರಾಶಿಗೆ ಎಸೆದಳು. "ಇದು ಹಂಡೆಗೆ. ಹಲ್ಲೇನು ತಾಮ್ರ ಅಲ್ಲ ಕಣ್ರೀ!" ಅಂದಿನಿಂದ ಬೆಳಿಗ್ಗೆ, ರಾತ್ರಿ ಇಬ್ಬರೂ ಒಂದೇ ಕನ್ನಡಿಯ ಮುಂದೆ. ಕೈ ಜೋರಾದರೆ ಅವಳ ಮೊಣಕೈ ಅವನ ಪಕ್ಕೆಗೆ ತಿವಿಯುತ್ತಿತ್ತು.

ತಿಂಗಳು ಕಳೆದ ಮೇಲೆ ಮೂಲೆಯ ಮೇಜು ಮತ್ತೆ ತುಂಬಿತು. ಮಾಮ ಕಣ್ಣು ಮುಚ್ಚಿ ಮೊದಲ ಚಮಚ ಬಾಯಿಗಿಟ್ಟ. ಜುಮ್ಮೂ ಇಲ್ಲ, ಗಿಮ್ಮೂ ಇಲ್ಲ!

"ಎಲ್ಲಿ ಮಾಯವಾಗಿದ್ರಿ ಮಾಮ? ಹಲ್ಲು ಗಟ್ಟಿ ಇದೆ ತಾನೆ?" ಎಂದು ಅಂಗಡಿಯ ಯಜಮಾನ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದ.

ಕಬ್ಬಿಣದ ಕಡಲೆ ನಾಲಿಗೆಯ ತುದಿಗೆ ಬಂದಿತ್ತು. ಮಾಮ ಅದನ್ನು ಐಸ್‌ಕ್ರೀಮಿನ ಜೊತೆಗೇ ನುಂಗಿ ಹೆಂಡತಿಯ ಕಡೆ ತಿರುಗಿದ. "ನಿನ್ ಹಲ್ಲು ಹೇಗಿದೆಯೇ?"

ಮೂವತ್ತೈದು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು. ಅವಳು ದೊಡ್ಡದೊಂದು ಚಮಚ ತುಂಬಿ ಬಾಯಿಗಿಟ್ಟಳು. ಬಾಯ್ತುಂಬ ಐಸ್‌ಕ್ರೀಮ್ ಇತ್ತು, ಮೇಲೆ ನಗು ಬೇರೆ.