ಯಾರಿಗೂ ಬೇಡದ ನಾಲ್ಕು

ಕೀಲುಂಗ್ ಬಂದರಿನೆದುರು, ಹಡಗಿನ ಸರಕಿಗೆ ಸುಂಕದ ಕಾಗದಪತ್ರ ಮಾಡಿಸಿಕೊಡುವ ಪುಟ್ಟ ಆಫೀಸಿನಲ್ಲಿ ಝುವಾಂಗ್ ಮಿಂಗ್‌ದೆ ಗುಮಾಸ್ತ. ಹಿಂದೊಮ್ಮೆ ಕೆಟ್ಟ ಮೋಡೆಮ್ ಸರಿಮಾಡಿದ್ದೇ ತಪ್ಪಾಯಿತು, ಅಂದಿನಿಂದ ಇಂಟರ್ನೆಟ್ಟಿನ ತಲೆನೋವೆಲ್ಲ ಅವನ ಕೊರಳಿಗೆ ಗಂಟುಬಿತ್ತು. ಐವತ್ತೇಳರ ಆಸಾಮಿ, ಹುಟ್ಟಾ ಅನುಮಾನದ ಪ್ರಾಣಿ. ಸೋಯಾ ಹಾಲಿಗೆ ನೀರು ಬೆರೆಸುತ್ತಾಳೆಂದು ಒಂದೇ ಅಂಗಡಿಯವಳನ್ನು ಇಪ್ಪತ್ತು ವರ್ಷದಿಂದ ಶಂಕಿಸುತ್ತ, ದಿನಾ ಬೆಳಿಗ್ಗೆ ಅಲ್ಲೇ ಕುಡಿಯುತ್ತ ಬಂದವನು.

ಹತ್ತು ದಿನದಿಂದ ಯಜಮಾನ ಲಾಯ್ ಅವರ ಕಂಪ್ಯೂಟರಿಗೆ ನೆಟ್ ಬರುವುದು, ಹೋಗುವುದು ನಡೆದಿತ್ತು. ಝುವಾಂಗ್ ವೈರು ಬದಲಿಸಿದ, ಮೋಡೆಮ್ ಆರಿಸಿ ಹಚ್ಚಿದ. ಊಹೂಂ.

"ನಮ್ಮೋರೇ ಯಾರೋ ಗಿರಾಕಿಗಳ ಕಾಗದಾನ ಎದುರು ಬೀದಿ ಆಫೀಸಿಗೆ ಕಳಿಸ್ತಾ ಇದಾರೆ," ಎಂದರು ಲಾಯ್. "ನೆಟ್ ಹೀಗಾಡ್ತಿರೋದು ಅದಕ್ಕೇ. ಸಂಜೆಯೊಳಗೆ ಹಿಡ್ಕೊಡು. ಇವತ್ತೇ ಕೆಲಸದಿಂದ ತೆಗೀತೀನಿ."

ಝುವಾಂಗನ ಕಣ್ಣು ಆಗಲೇ ಪೇಝೆನ್ ಮೇಲೆ ಬಿದ್ದಿತ್ತು. ಸೇರಿ ಮೂರು ತಿಂಗಳಾಗಿದ್ದ ಹೆಣ್ಣು. ಐದು ಹೊಡೆದರೆ ಮಾಯ. ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಗುಸುಗುಸು, ಯಾರಾದರೂ ಹತ್ತಿರ ಬಂದರೆ ಗಪ್‌ಚಿಪ್. ಇನ್ನೇನು ಬೇಕು? ಮಧ್ಯಾಹ್ನ ಅವಳು ಕಂಪ್ಯೂಟರ್ ಆರಿಸಿ ಊಟಕ್ಕೆ ಹೋದಳು, ಯಜಮಾನರ ನೆಟ್ ಸರಾಗವಾಯಿತು. ಬಂದು ಹಚ್ಚಿದಳು, ಅವರ ನೆಟ್ ಕೈಕೊಟ್ಟಿತು. ಸಿಕ್ಕಿಬಿದ್ದಳು ಕಳ್ಳಿ ಎಂದುಕೊಂಡ. ಸುಳ್ಳೇಕೆ, ಖುಷಿಯೇ ಆಯಿತು.

"ಸ್ವಲ್ಪ ಏಳಮ್ಮ, ನೋಡ್ಬೇಕು," ಎಂದು ಅವಳ ಕುರ್ಚಿಯಲ್ಲಿ ಕೂತ. ಕಾಗದ ಕದ್ದ ಗುರುತು ಎಲ್ಲೂ ಇಲ್ಲ. ಆದರೆ ನೆಟ್ಟಿಗೆ ಗುರುತು ಸಿಗಲೆಂದು ಒಂಬತ್ತು ಕಂಪ್ಯೂಟರಿಗೂ ಒಂದೊಂದು ಅಂಕಿಯನ್ನು ಅವನೇ ಕೈಯಾರೆ ಕೊಟ್ಟಿದ್ದ, ಇವಳದು ನಾಲ್ಕು. ಈಗ ಅಲ್ಲಿ ಎಂಟು ಇತ್ತು. ಎಂಟು ಯಜಮಾನರದು. ಒಂದೇ ಅಂಕಿಗೆ ಇಬ್ಬರು ವಾರಸುದಾರರಾದರೆ ನೆಟ್ಟಾದರೂ ಯಾರ ಕಡೆಗೆಂದು ಹೋದೀತು?

"ಯಾರಮ್ಮ ಇದನ್ನ ಬದಲಾಯಿಸಿದ್ದು?"

"ನಾನೇ ಅಣ್ಣ, ಹೇಗೆ ಅಂತ ನನ್ ತಮ್ಮನ ಹತ್ರ ಕೇಳ್ಕೊಂಡು." ಅವಳ ದನಿ ಇಳಿಯಿತು. "ನನ್ ಗಂಡನಿಗೆ ಶುಕ್ರವಾರ ಹೃದಯದ ಆಪರೇಷನ್. ನಮ್ ಮಾತಲ್ಲಿ ನಾಲ್ಕು ಅಂದ್ರೆ ಸಾವು ಅಂದಂಗೇ ಕೇಳ್ಸುತ್ತಲ್ಲ, ದಿನವಿಡೀ ಆ ಸಾವಿನ ಅಂಕಿ ಮುಂದೆ ಕೂರಕ್ಕೆ ಆಗ್ಲಿಲ್ಲ. ಎಂಟು ಶುಭ ಅಲ್ವಾ, ಅದಕ್ಕೇ... ಯಜಮಾನ್ರಿಗೆ ಹೇಳ್ಬೇಡಿ ಅಣ್ಣ. ಈಗ ಕೆಲ್ಸ ಹೋದ್ರೆ ನಾವು ಮುಳುಗ್ತೀವಿ."

ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂಬ ಪ್ರಶ್ನೆ ಅವನ ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ. ಆ ನಾಲ್ಕನ್ನು ಅವಳಿಗೆ ಅಂಟಿಸಿದವನು ತಾನೇ. ಎಲ್ಲರೂ ಬೇಡವೆಂದದ್ದನ್ನು, ತನಗೂ ಬೇಡವಾಗಿದ್ದನ್ನು, ಹೊಸಬಳು ಬಾಯಿಬಿಡಲಾರಳೆಂದು ಅವಳತ್ತ ತಳ್ಳಿದ್ದ. ನಾಚಿಕೆಯಾಯಿತು.

ಲಾಯ್ ಬಾಗಿಲಿಗೆ ಬಂದರು. "ಸಿಕ್ಕಿದ್ನಾ ಕಳ್ಳ?"

"ಕಳ್ಳನೂ ಇಲ್ಲ ಕಾಕನೂ ಇಲ್ಲ ಯಜಮಾನ್ರೇ. ಅಂಕಿ ಕೊಡೋವಾಗ ನಾನೇ ಎಡವಟ್ಟು ಮಾಡಿದ್ದೆ."

"ನಿನ್ ತಲೆ. ಅರಳು ಮರಳು ನಿಂಗೆ," ಎಂದು ಬೈದುಕೊಳ್ಳುತ್ತ ಅವರು ಹೊರಟುಹೋದರು.

ಝುವಾಂಗ್ ತನ್ನ ಆರನ್ನು ಪೇಝೆನ್‌ಗೆ ಕೊಟ್ಟ. ನಾಲ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡ. ಆಮೇಲೆ ಆ ನಾಲ್ಕನ್ನೊಮ್ಮೆ ನೋಡಿ, ರಾತ್ರಿಗೆಂದು ಜೇಬಿನಲ್ಲಿಟ್ಟಿದ್ದ ಬಿ.ಪಿ. ಗುಳಿಗೆಯನ್ನು ತೆಗೆದು ಆ ಕ್ಷಣವೇ ನುಂಗಿದ.