ಹೋಗುವಾಗ ಬರುವ ಸದ್ದು

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಪಿಕಪ್ ಗಾಡಿಯ ಸ್ಟೇರಿಂಗ್ ಹಿಡಿದದ್ದು ಐವತ್ತು ದಾಟಿದ ಮೇಲೆ. ಮಾವನ ಕಣ್ಣು ಮಂಜಾಗಿ, ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಗಾಡಿ ಮಾರುವ ಮಾತು ಮನೆಯಲ್ಲಿ ನಡೆಯುತ್ತಿರುವಾಗಲೇ ಅತ್ತೆ ಲೈಸೆನ್ಸ್ ಮಾಡಿಸಿಕೊಂಡು ಬಂದರು. ಅಂಗಡಿಯಿಂದ ಟೈಲ್ಸ್ ತುಂಬಿಕೊಂಡು, ಕಟ್ಟುತ್ತಿರುವ ಮನೆಗಳಿಗೆ ಇಳಿಸಿ ಬರುವ ಕೆಲಸ. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹೆಂಗಸು ಗಾಡಿಯಲ್ಲಿ ಕೂತರೆ ಹಾಡು ಗುನುಗುತ್ತಿದ್ದರು. ಆ ಕೆಲಸವೆಂದರೆ ಅವರಿಗೆ ಅಷ್ಟು ಇಷ್ಟ.

ಮಾವನಿಗೆ ಮಾತ್ರ ಜೀವ ಕೈಯಲ್ಲಿ. ಹರೆಯದಿಂದ ಗಾಡಿ ಓಡಿಸಿದವರು, ಬೇರೆ ಯಾರು ಓಡಿಸಿದರೂ ನಂಬುವ ಆಸಾಮಿಯಲ್ಲ. ಬಸ್ಸಿನಲ್ಲಿ ಎಲ್ಲರೂ ಗೊರಕೆ ಹೊಡೆಯುತ್ತಿದ್ದರೆ ಇವರೊಬ್ಬರು ಕಣ್ಣು ಮುಚ್ಚದೆ ಡ್ರೈವರನನ್ನೇ ನೋಡುತ್ತಾ ಕೂತಿರುತ್ತಾರೆ. ಅತ್ತೆಯ ಪಕ್ಕ ಕೂತಾಗಂತೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು. ಹಾಗೆ ಒತ್ತಿ ಒತ್ತಿ ಮಂಡಿ ನೋವು ಬಂದ ಮೇಲೆ ಲೋಡಿನ ಜೊತೆ ಬರುವುದನ್ನೇ ಬಿಟ್ಟರು.

ಆಮೇಲೆ ಗಾಡಿಯ ಹಿಂದೆ ಸದ್ದು ಶುರುವಾಯಿತು. ಗೊರಗೊರ ಅನ್ನುತ್ತೆ, ಕಲ್ಲಿಗೆ ಕಲ್ಲು ತೇಯ್ದ ಹಾಗೆ ಎಂದರು ಅತ್ತೆ. ಮಾವ ತಮ್ಮ ಹಳೆಯ ಮೆಕ್ಯಾನಿಕ್ ಹತ್ತಿರ ಹೊರಡಿಸಿದರು. ಅದಕ್ಕೂ ಅವರದೊಂದು ಶಾಸ್ತ್ರವಿದೆ. ಗ್ಯಾರೇಜಿಗೆ ಹೋಗುವ ಗಾಡಿಯನ್ನು ತೊಳೆದು, ಪೂರ್ತಿ ಖಾಲಿ ಮಾಡಿ, ಹಗ್ಗ ಟಾರ್ಪಾಲು ಕೂಡ ಇಳಿಸಿರಬೇಕು. ಯಾರಾದರೂ ನಕ್ಕರೆ, "ನೀನು ಡಾಕ್ಟರ ಹತ್ರ ಸ್ನಾನ ಮಾಡದೆ ಹೋಗ್ತೀಯಾ?" ಎಂದು ಕೇಳುತ್ತಾರೆ.

ಗ್ಯಾರೇಜಿನಲ್ಲಿ ಮಾತೂ ಅವರದೇ. "ಇವಳಿಗೆ ಏನೋ ಸದ್ದು ಕೇಳುತ್ತಂತೆ, ನೋಡಪ್ಪ." ಮೆಕ್ಯಾನಿಕ್ ಒಂದು ಸುತ್ತು ಓಡಿಸಿದ. ಸದ್ದಿಲ್ಲ. ಯಾವುದಕ್ಕೂ ಇರಲಿ ಎಂದು ಹಿಂದಿನ ಬ್ರೇಕ್ ಬಿಚ್ಚಿ ಲೈನರ್ ಬದಲಿಸಿದ. ಮರುದಿನ ಲೋಡ್ ಹೊತ್ತು ಹೊರಟರೆ ಮತ್ತೆ ಗೊರಗೊರ. ಮತ್ತೆ ತೊಳೆದು ಒಯ್ದರು, ಮತ್ತೆ ಏನೂ ಇಲ್ಲ. ಅತ್ತೆಗೆ ತಮ್ಮ ಕಿವಿಯ ಮೇಲೇ ಅನುಮಾನ ಬಂತು. ಹಾಡು ನಿಂತುಹೋಯಿತು.

"ಇದೇ ಕೊನೆ ಸಲ," ಎಂದರು ಮಾವ ಆ ಭಾನುವಾರ, ಗಾಡಿಗೆ ನೀರು ಸುರಿಯುತ್ತಾ. "ಇವತ್ತೂ ಏನೂ ಸಿಗದಿದ್ರೆ ಒಬ್ಬ ಡ್ರೈವರ್‌ನ ಇಡೋಣ. ನೀನು ಆರಾಮಾಗಿ ಮನೇಲಿರು."

ಅತ್ತೆಯ ಮುಖ ಸಣ್ಣದಾಯಿತು. ನನಗೆ ಮೈಯೆಲ್ಲ ಉರಿಯಿತು. ಕರೆಯದಿದ್ದರೂ ಜೊತೆಗೆ ಹೊರಟೆ.

ಗ್ಯಾರೇಜಿನಲ್ಲಿ ಮಾವ ಎಂದಿನಂತೆ "ಇವಳಿಗೆ ಏನೋ" ಎಂದು ಶುರು ಮಾಡಿದರು. ನಾನು ಅಡ್ಡ ಬಾಯಿ ಹಾಕಿದೆ. "ಮಾವ, ಸದ್ದು ಕೇಳಿದ್ದು ನಿಮಗಾ, ಅತ್ತೆಗಾ?"

ಮಾವ ನನ್ನನ್ನು ದುರುಗುಟ್ಟಿ ನೋಡಿದರು. ಮೆಕ್ಯಾನಿಕ್ ಮೊದಲ ಸಲ ಅತ್ತೆಯ ಕಡೆ ತಿರುಗಿದ.

"ಯಾವಾಗ ಬರುತ್ತಮ್ಮ ಸದ್ದು?"

"ಹೋಗುವಾಗ ಬರುತ್ತೆ. ವಾಪಸ್ ಬರುವಾಗ ಇರಲ್ಲ. ಆ ಕಡೆ ರೋಡ್ ಸರಿಯಿಲ್ಲ, ಅದಕ್ಕೋ ಏನೋ."

"ಬರೋದೂ ಅದೇ ರೋಡಲ್ಲಿ ತಾನೆ? ಬರುವಾಗ ಗಾಡಿಯಲ್ಲಿ ಏನಿರುತ್ತೆ?"

"ಏನಿರುತ್ತೆ, ಟೈಲ್ಸ್ ಇಳಿಸಿದ ಮೇಲೆ ಖಾಲಿ."

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಅಣ್ಣ, ನೀವು ಯಾವತ್ತಾದ್ರೂ ನನ್ನ ಹತ್ರ ಲೋಡ್ ಇರೋ ಗಾಡಿ ತಂದಿದ್ದೀರಾ?"

ಮಾವ ತೊಳೆದು ಹೊಳೆಯುತ್ತಿದ್ದ ಖಾಲಿ ಗಾಡಿಯ ಕಡೆ ನೋಡಿದರು.

ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಎಂಜಿನ್ನು, ಗೇರ್‌ಬಾಕ್ಸುಗಳನ್ನು ಎತ್ತಿ ಗಾಡಿಗೆ ಹಾಕಿದ್ದಾಯಿತು. ಸಾಲದು ಎಂದ ಮೆಕ್ಯಾನಿಕ್ ಸುತ್ತಲೂ ನೋಡಿದ. ಅವನ ಕಣ್ಣು ನನ್ನ ಮೇಲೆ ಬಂದು ನಿಂತಿತು. ಮರ್ಯಾದಸ್ಥ, ಬಾಯಿಬಿಟ್ಟು ಹೇಳಲಿಲ್ಲ. ಮಾವ ಬಿಡುತ್ತಾರೆಯೇ?

"ಗುಂಡಮ್ಮ, ಹತ್ತು. ನೀನೊಬ್ಬಳೇ ಅರ್ಧ ಲೋಡು."

"ಉಳಿದ ಅರ್ಧಕ್ಕೆ ನೀವೂ ಹತ್ತಿ," ಎಂದೆ.

ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಅತ್ತೆ ಗಾಡಿ ಓಡಿಸಿದರು, ಪಕ್ಕದಲ್ಲಿ ಮೆಕ್ಯಾನಿಕ್. ನೇರ ಹೋಗುವಾಗ ಎಲ್ಲೋ ಸಣ್ಣಗೆ ಗೊಣಗಿದಂತಿತ್ತು. ಎಡಕ್ಕೆ ತಿರುಗಿಸಿದ್ದೇ ತಡ, ಹಿಂದೆ ಬಲಗಡೆಯ ಚಕ್ರದ ನೇರಕ್ಕೆ ಕೂತಿದ್ದ ಮಾವನ ಕೆಳಗೇ ಗೊರಗೊರ ಎದ್ದಿತು. ಮಾವ ಅಂಗೈಯನ್ನು ತಗಡಿನ ಮೇಲೆ ಒತ್ತಿ ಹಿಡಿದರು. ಅವರ ಮುಖ ಬದಲಾಯಿತು. ಕ್ಯಾಬಿನ್ನಿನ ಹಿಂದಿನ ಗಾಜು ಬಡಿದು, "ಇನ್ನೊಂದ್ಸಲ ಎಡಕ್ಕೆ ತಿರುಗಿಸು," ಎಂದರು. ಮತ್ತೆ ಅದೇ ಸದ್ದು. ಬಲಕ್ಕೆ ತಿರುಗಿದರೆ ತಣ್ಣಗಾಯಿತು.

"ಎಡಕ್ಕೆ ತಿರುಗಿದ್ರೆ ಭಾರ ಬಲಕ್ಕೆ ಬೀಳುತ್ತೆ. ಬಲಗಡೆ ಚಕ್ರದ ಬೇರಿಂಗ್ ಹೋಗಿದೆ," ಎಂದ ಮೆಕ್ಯಾನಿಕ್ ಇಳಿಯುತ್ತಲೇ.

ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಆಕ್ಸಲ್ ಎಳೆದು ಬೇರಿಂಗ್ ಹೊರತೆಗೆದ. ಅದರೊಳಗೆ ಗುಂಡುಗಳು ಓಡುವ ದಾರಿಯಲ್ಲೆಲ್ಲ ಸಣ್ಣ ಸಣ್ಣ ಗುಳಿ. "ಇನ್ನು ಸ್ವಲ್ಪ ದಿನ ಹೀಗೇ ಓಡಿಸಿದ್ರೆ ಲೋಡ್ ಇರುವಾಗಲೇ ಚಕ್ರ ಜಾಮ್ ಆಗ್ಬಿಡ್ತಿತ್ತು. ಬಿಡದೆ ಹೇಳಿದ್ದು ಒಳ್ಳೇದಾಯ್ತಮ್ಮ."

ಮಾವ ಬೇರಿಂಗನ್ನು ಕಣ್ಣಿನ ಹತ್ತಿರ ಹಿಡಿದರು. ಕಾಣಲಿಲ್ಲವೇನೋ, ಬೆರಳಿನಿಂದ ತಿರುಗಿಸಿದರು. ಕರಕರ ಎಂದಿತು.

"ನಿಂಗೆ ಸರಿಯಾಗೇ ಕೇಳಿಸಿದೆ," ಎಂದರು ಅತ್ತೆಗೆ. "ನಾನು ಕಿವಿ ಕೊಡ್ಲಿಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಹೊಟ್ಟೆ ತಣ್ಣಗಾಯಿತು.

ಹೊಸ ಬೇರಿಂಗ್, ಹೊಸ ಸೀಲ್ ಕೂರಿಸಿ ಅದೇ ಲೋಡಿನಲ್ಲಿ ಇನ್ನೊಮ್ಮೆ ಓಡಿಸಿದಾಗ ಎಡಕ್ಕೂ ಸದ್ದಿಲ್ಲ, ಬಲಕ್ಕೂ ಇಲ್ಲ. ಕಬ್ಬಿಣ ಇಳಿಸಿ ಸಂಜೆ ಮನೆಗೆ ಹೊರಟೆವು. ನಾನು ಹಿಂದೆಯೇ ಕೂತೆ, ಮುಂದೆ ಅವರಿಬ್ಬರೇ ಇರಲಿ ಎಂದು. ಸ್ವಲ್ಪ ದೂರ ಹೋದ ಮೇಲೆ ಗಾಜಿನಲ್ಲಿ ನೋಡಿದರೆ ಮಾವನ ತಲೆ ಕಿಟಕಿಗೆ ವಾಲಿತ್ತು. ಗಾಜಿಗೆ ಮುಖ ಒತ್ತಿ ನೋಡಿದೆ. ಬಾಯಿ ಅರ್ಧ ತೆರೆದಿತ್ತು, ಬಲಗಾಲು ಸುಮ್ಮನೆ ಚಾಚಿಕೊಂಡಿತ್ತು. ಮಾವ ನಿದ್ದೆ ಮಾಡುತ್ತಿದ್ದರು.

ಮನೆ ಬಂತು. ಅತ್ತೆ ವೇಗ ತಗ್ಗಿಸಿ ಒಮ್ಮೆ ಅವರ ಕಡೆ ನೋಡಿದರು. ಆಮೇಲೆ ಗಾಡಿ ನಿಲ್ಲಿಸದೆ, ಮೆಲ್ಲಗೆ ಗುನುಗುತ್ತಾ, ಬೀದಿಯನ್ನು ಇನ್ನೊಂದು ಸುತ್ತು ಹಾಕಲು ಎಡಕ್ಕೆ ತಿರುಗಿಸಿದರು.