ಕಾಕಾನ ಸಹಿಗೊಂದು ಗಟ್ಟಿ ಅಂಟು

ನಳಿಕೆ ಅರ್ಧ ಒಳಗೆ ಹೋಗಿ ನಿಂತುಬಿಟ್ಟಿತು.

ಒತ್ತಿದೆ. ಜಗ್ಗಿದೆ. ಇಕ್ಕಳ ಹಾಕಿ ತಿರುವಿದೆ. ಊಹ್ಞೂಂ! ಕ್ವಿಕ್ ಗಮ್ ಹೆಸರಿಗೆ ತಕ್ಕಂತೆ ತನ್ನ ಕೆಲಸ ಮುಗಿಸಿತ್ತು. ಹಿತ್ತಾಳೆ ನಳಿಕೆ ಮುಂದೂ ಹೋಗದು, ಹಿಂದೂ ಬಾರದು. ನನ್ನ ಹೆಬ್ಬೆರಳು, ತೋರುಬೆರಳು ಬೇರೆ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಎದುರಿನ ಕುರ್ಚಿಯಲ್ಲಿದ್ದ ಕಾಕಾ ತಮ್ಮ ಬಲಗೈ ನೋಡಿಕೊಂಡರು. ಬೈದಿದ್ದರೆ ಎಷ್ಟೋ ಚಲೋ ಇತ್ತು.

ನಾನು ಕಟ್ಟಿಗೆಯ ಪೆನ್ನು ಮಾಡುವವಳು. (ಅಡುಗೆಮನೆಯ ಹಿಂದೆ ಲೇಥ್ ಇಟ್ಟುಕೊಂಡ ಹೆಂಗಸು ಅಂತ ಗೋಕಾಕದಲ್ಲಿ ನನಗೆ ಸಾಕಷ್ಟು ಹೆಸರಿದೆ. ಯಾವ ಥರದ ಹೆಸರು ಅಂತ ಕೇಳಬೇಡಿ.) ಕಟ್ಟಿಗೆ ತುಂಡಿಗೆ ಉದ್ದಕ್ಕೂ ತೂತು ಕೊರೆಯಬೇಕು. ಅದರೊಳಗೆ ತೆಳ್ಳಗಿನ ಹಿತ್ತಾಳೆ ನಳಿಕೆ ಅಂಟಿಸಬೇಕು. ಆಮೇಲೆ ಲೇಥಿಗೆ ಹಾಕಿ ಗರಗರ ತಿರುಗಿಸುತ್ತ ಕೆತ್ತಬೇಕು. ರಿಫಿಲ್ಲು, ಕ್ಲಿಪ್ಪು, ಎಲ್ಲವೂ ನಿಲ್ಲುವುದು ಆ ನಳಿಕೆಯ ಮೇಲೆಯೇ. ಒಳಗಿನ ಅಂಟು ಬಿಟ್ಟರೆ ಪೆನ್ನೂ ಇಲ್ಲ, ಗಿನ್ನೂ ಇಲ್ಲ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಮನೆ ಮೂಡಲಗಿಯಲ್ಲಿ. ಕಲ್ಲೋಳಿ ಕಡೆಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ರಿಟೈರ್ ಆದವರು. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಸೋತಿತು. ಕಾಲು ಸುಧಾರಿಸಿತು, ಮಾತು ಸುಧಾರಿಸಿತು. ಕೈ ಮಾತ್ರ ನಡುಗುತ್ತದೆ. ಸಾದಾ ಬಾಲ್‌ಪೆನ್ನು ಬೆರಳ ಸಂದಿಯಿಂದ ಜಾರಿ ಬೀಳುತ್ತದೆ.

ಪೆನ್ಷನ್ ತೆಗೆದುಕೊಳ್ಳುವವರು ನವೆಂಬರ್ ಮುಗಿಯುವುದರೊಳಗೆ ಬ್ಯಾಂಕಿಗೆ ಹೋಗಿ 'ನಾನು ಬದುಕಿದ್ದೇನೆ' ಎಂದು ಸಹಿ ಮಾಡಿ ಬರಬೇಕಲ್ಲ? ಕಾಕಾ ಹೋದರು. ಪೆನ್ನು ಜಾರಿತು. ಬ್ಯಾಂಕಿನ ಸಾಹೇಬರು ಇಂಕ್ ಪ್ಯಾಡ್ ಮುಂದಕ್ಕೆ ಸರಿಸಿ, "ಹೆಬ್ಬೆಟ್ಟ ಒತ್ತಿಬಿಡ್ರಿ ಸರ್, ಮುಗೀತು" ಅಂದರಂತೆ. ಕಾಕಾ ಎದ್ದು ಬಂದುಬಿಟ್ಟರು.

"ಊರ ಮಂದೀಗೆಲ್ಲಾ ಹೆಬ್ಬೆಟ್ಟ ಬಿಡಿಸಿದಾವ ನಾ" ಎಂದರು ಕಾಕಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದು. "ಈಗ ಬದುಕೇನಿ ಅನ್ನಾಕ ನಾನ ಹೆಬ್ಬೆಟ್ಟ ಒತ್ತಲೇನ? ದಪ್ಪನ್ನ ಪೆನ್ನ ಮಾಡಿಕೊಡವಾ. ಹಿಡದರ ಮುಷ್ಟಿ ತುಂಬಬೇಕ."

ಚೀಲದಿಂದ ಕಟ್ಟಿಗೆಯನ್ನೂ ಅವರೇ ತೆಗೆದರು. ಸೀಸಂ ಕಟ್ಟಿಗೆಯ ದುಂಡನೆಯ ರೂಲು! ಕಾಕಾ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದುದು ಅದರಿಂದಲೇ, ನನ್ನ ಬೆರಳಿನ ಗೆಣ್ಣಿಗೆ ಏಟು ಬಿಡುತ್ತಿದ್ದುದೂ ಅದರಿಂದಲೇ. ಅದನ್ನು ನನ್ನ ಕೈಯಾರೆ ಗರಗಸದಿಂದ ಕೊಯ್ಯುವಾಗ ಖುಷಿಯಾಯಿತೇ? ಇಲ್ಲ, ಕಾಕಾನಿಗೆ ಬೆನ್ನು ಮಾಡಿ ಕೊಯ್ದೆ.

ಅದರಲ್ಲಿ ಮೂರು ತುಂಡು ಬಂದವು. ಮೊದಲನೆಯದು ಕೊರೆಯುವಾಗಲೇ ಸೀಳಿತು. ಎರಡನೆಯದರ ಗತಿ ಆಗಲೇ ಹೇಳಿದೆ. ಉಳಿದದ್ದು ಒಂದೇ. ಅಂದು ಗುರುವಾರ. ಶನಿವಾರಕ್ಕೆ ನವೆಂಬರೂ ಖಲಾಸ್.

ಕ್ವಿಕ್ ಗಮ್ ಯಾಕೆ ಹಚ್ಚಿದೆ ಅಂತ ಕೇಳುತ್ತೀರಿ. ಲೋಡ್ ಶೆಡ್ಡಿಂಗ್ ಸ್ವಾಮಿ! ಕರೆಂಟ್ ಬಂದಾಗ ಲೇಥ್ ತಿರುಗಬೇಕು, ಹೋಗುವುದರೊಳಗೆ ಮುಗಿಯಬೇಕು. ಹಿಟ್ಟಿನ ಗಿರಣಿಯಿಂದ ಹಿಡಿದು ಝೆರಾಕ್ಸ್ ಅಂಗಡಿಯವರೆಗೆ ನಾವೆಲ್ಲ ಗಡಿಯಾರ ಬಿಟ್ಟು ಕರೆಂಟು ನೋಡಿಕೊಂಡು ಬದುಕುವವರು. ಜಲ್ದಿ, ಜಲ್ದಿ! ಈ ಜಲ್ದಿಯಲ್ಲಿ ಅಂಟನ್ನೂ ಅವಸರದ್ದನ್ನೇ ಆರಿಸಿದ್ದೆ. ಅದು ನನಗಿಂತ ಅವಸರದ್ದಾಗಿತ್ತು.

ಹುಕ್ಕೇರಿಯಲ್ಲಿ ಫರ್ನಿಚರ್ ಅಂಗಡಿ ಇಟ್ಟಿರುವ ನಮ್ಮ ಮಾಮಾನಿಗೆ ಫೋನ್ ಮಾಡಿದೆ. "ಬಿಳೇ ಅಂಟ ಹಚ್ಚ, ಖುರ್ಚಿ ಮುರದರೂ ಅಂಟ ಬಿಡೂದಿಲ್ಲ" ಅಂದ. ಖರೆ. ಆದರೆ ಅದು ಕಟ್ಟಿಗೆಗೆ ಕಟ್ಟಿಗೆ ಹಿಡಿಯುವ ಅಂಟು. ಹಿತ್ತಾಳೆಯ ಮೇಲೆ ಒಣಗಿ ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಮಾಮಾನಿಗೆ ಅಷ್ಟು ಹೇಳಿದ್ದಕ್ಕೆ, "ಹಂಗಾರ ನನ್ನ ಯಾಕ ಕೇಳ್ತಿ?" ಅಂತ ಫೋನ್ ಇಟ್ಟ.

ಕೊನೆಗೆ ಉಳಿದದ್ದು ಎರಡು ಟ್ಯೂಬಿನ ಅಂಟು. ಎರಡನ್ನೂ ಸಮಸಮ ಹಿಂಡಿ ಕಲೆಸಿ ಹಚ್ಚುತ್ತಾರಲ್ಲ, ಅದು. ಗೋಕಾಕ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೇ ಪ್ಯಾಕೆಟ್ ಇತ್ತು. "ಇದು ಇಡೀ ಒಂದ ದಿನಾ ಬೇಡತೈತ್ರಿ ಅಕ್ಕಾರ. ಅರ್ಜೆಂಟ್ ಇದ್ರ ಒಯ್ಯಬ್ಯಾಡ್ರಿ" ಎಂದ ಅಂಗಡಿಯವ. ಅರ್ಜೆಂಟ್ ಇತ್ತು. ಒಯ್ದೆ.

(ಅಂಟು ಅಂದಕೂಡಲೇ ಇವಳು ಗಂಡ-ಹೆಂಡತಿ ಸಂಬಂಧದ ಉಪದೇಶ ಶುರು ಮಾಡುತ್ತಾಳೆ ಅಂತ ಹೆದರಬೇಡಿ. ಇದು ಬರೀ ಅಂಟಿನ ಕಥೆ.)

ಮನೆಗೆ ಬಂದು ಕೊನೆಯ ನಳಿಕೆಯನ್ನು ಸ್ಯಾಂಡ್‌ಪೇಪರಿನಿಂದ ಚೆನ್ನಾಗಿ ಗೀರಿ, ತಾಟಿನಲ್ಲಿಟ್ಟೆ. ನುಣ್ಣಗಿದ್ದರೆ ಅಂಟು ಹಿಡಿಯುವುದಿಲ್ಲ. ಒಳಗೆ ಹೋಗಿ ಎರಡೂ ಟ್ಯೂಬು ಖಾಲಿಯಾಗುವಂತೆ ಹಿಂಡಿ, ಕಲೆಸಿಕೊಂಡು ಬಂದೆ.

ನೋಡಿದರೆ ನಳಿಕೆ ದೇವರ ಮನೆಯ ಆರತಿ ತಟ್ಟೆಯಂತೆ ಥಳಥಳ ಹೊಳೆಯುತ್ತಿದೆ!

ಕಾಕಿಯ ಕೆಲಸ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ತೊಳೆದು, ಮತ್ತೆ ಕಪ್ಪಾಗದಿರಲಿ ಅಂತ ಮೇಲೊಂದಿಷ್ಟು ಕೊಬ್ಬರಿ ಎಣ್ಣೆ ಸವರಿ ಇಟ್ಟಿದ್ದರು. ಎಣ್ಣೆ! ಅಂಟಿಗೆ ಅದಕ್ಕಿಂತ ದೊಡ್ಡ ವೈರಿ ಇಲ್ಲ.

"ಏನ್ ಮಾಡಿದ್ರಿ ಕಾಕಿ!" ಎಂದು ಚೀರಿದೆ.

"ಹಿತ್ತಾಳಿ ಹಂಗ ಗೀರಿ ಇಡ್ತಾರೇನ ಯವ್ವಾ ಯಾರರ? ಶುಭಕ್ಕ ಒಯ್ಯೂ ಪೆನ್ನು, ಬೆಳಗಬೇಕಲ್ಲ?"

ಈ ಅಂಟು ಪೂರ್ತಿ ಒಣಗಲು ಒಂದು ದಿನ ಬೇಕು ನಿಜ, ಆದರೆ ಕಲೆಸಿದ ಮೇಲೆ ಗಂಟೆಯೊಳಗೆ ಹಚ್ಚದಿದ್ದರೆ ವಾಟಿಯಲ್ಲೇ ಗಟ್ಟಿಯಾಗತೊಡಗುತ್ತದೆ. ಇನ್ನೊಂದು ನಳಿಕೆ ಇಲ್ಲ, ಇನ್ನೊಂದು ಟ್ಯೂಬಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ, "ಕಾಕಾ ಹೆಬ್ಬೆಟ್ಟ ಒತ್ತಲಿ ಅಂತನ ಮಾಡೀರೇನು?" ಅಂದುಬಿಟ್ಟೆ. ಅನ್ನಬಾರದಿತ್ತು. ಕಾಕಿಯ ಮುಖ ಸಣ್ಣಗಾಯಿತು. ನಳಿಕೆ ತಗೊಂಡು ಬಚ್ಚಲಿಗೆ ಹೋದರು. ಸಾಬೂನು ಹಚ್ಚಿ ತೊಳೆದರು, ಸೆರಗಿನಿಂದ ಒರೆಸಿದರು, ಮತ್ತೆ ತೊಳೆದರು. ಸ್ಯಾಂಡ್‌ಪೇಪರ್ ಕೇಳಿ ಇಸಕೊಂಡು ಹೊಸ್ತಿಲ ಮೇಲೆ ಕುಂತರು. ಜೀವಮಾನವೆಲ್ಲ ಹಿತ್ತಾಳೆ ಬೆಳಗಿದ ಕೈ ಈಗ ಹಿತ್ತಾಳೆಯನ್ನು ಗೀರುತ್ತಿತ್ತು. ನನಗೆ ಅಳುವೇ ಬಂತು.

ಸ್ಪಿರಿಟ್ಟಿನಲ್ಲಿ ಒರೆಸಿ, ಅಂಟು ಹಚ್ಚಿ, ತಿರುವುತ್ತ ತಿರುವುತ್ತ ನಳಿಕೆಯನ್ನು ಒಳಗೆ ಬಿಟ್ಟೆ. ಈ ಸಲ ಸರಾಗ ಹೋಯಿತು. ಎಣ್ಣೆ ಎಲ್ಲಾದರೂ ಉಳಿದಿತ್ತೋ ಇಲ್ಲವೋ, ದೇವರೇ ಬಲ್ಲ. ಶುಕ್ರವಾರ ಮಧ್ಯಾಹ್ನ ಕರೆಂಟ್ ಬರುವವರೆಗೆ ಮೂವರೂ ಆ ತುಂಡಿನ ಹತ್ತಿರ ಸುಳಿಯಲಿಲ್ಲ. ಕಾಕಿ ನನ್ನ ಜೊತೆ ಮಾತೂ ಆಡಲಿಲ್ಲ.

ಲೇಥ್ ಶುರು ಮಾಡಿ ಉಳಿ ತಾಗಿಸಿದೆ. ಅಂಟು ಬಿಟ್ಟರೆ ಕಟ್ಟಿಗೆ ಚೂರುಚೂರಾಗಿ ಮುಖಕ್ಕೇ ಹಾರುತ್ತದೆ. ನಡುವೆ ಒಮ್ಮೆ 'ಟಕ್' ಅಂತು. ಆಫ್ ಮಾಡಿ ನೋಡಿದೆ. ಕಟ್ಟಿಗೆಯದೊಂದು ಸಣ್ಣ ಸಿಬಿರು ಹಾರಿತ್ತು, ಅಷ್ಟೇ. ನಳಿಕೆ ಜಗ್ಗಿರಲಿಲ್ಲ. ಕಾಕಿ ಬಾಗಿಲ ಹಿಂದಿನಿಂದ, "ಹಿಡದೈತೇನ ಯವ್ವಾ?" ಅಂದರು. "ಹಿಡದೈತ್ರಿ ಕಾಕಿ" ಅಂದೆ. ಅಂದು ಸಂಜೆ ಕಾಕಾ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಮ್ಮ ಹೆಸರನ್ನು ತಾವೇ ತಿದ್ದುತ್ತ ಕುಂತರು.

ಶನಿವಾರ ಟೆಂಪೋ ಹತ್ತಿ ಮೂವರೂ ಮೂಡಲಗಿಗೆ ಹೋದೆವು. ಸಾಹೇಬರ ಎದುರು ಕಾಕಾ ಪೆನ್ನನ್ನು ಮುಷ್ಟಿ ತುಂಬ ಹಿಡಿದು, ಒತ್ತಿ ಒತ್ತಿ ಸಹಿ ಮಾಡಿದರು. ನಾನು ಸಹಿ ನೋಡಲಿಲ್ಲ, ಅಂಟಿದ ಜಾಗ ನೋಡುತ್ತಿದ್ದೆ. ಅಲುಗಲಿಲ್ಲ. ಗೆದ್ದೆವು ಅಂದುಕೊಂಡೆ.

ಸಾಹೇಬರು ಕಾಕಾನ ಮಾದರಿ ಸಹಿಯ ಹಳೆಯ ಕಾರ್ಡ್ ತೆಗೆದು ಪಕ್ಕದಲ್ಲಿಟ್ಟು ನೋಡಿದರು. "ಸಹಿ ಚಲೋ ಐತ್ರಿ ಸರ್. ಆದ್ರ ತಾಳೆ ಆಗವಲ್ದು."

ಅವರ ಕೈ ಮೆಲ್ಲಗೆ ಇಂಕ್ ಪ್ಯಾಡಿನತ್ತ ಹೋಯಿತು. ಕಾಕಿ ನನ್ನ ರಟ್ಟೆ ಹಿಡಿದುಕೊಂಡರು.

"ಹಳೇ ಸಹಿ ನಿಮ್ಮ ಹಂತ್ಯಾಕ ಐತಿ" ಎಂದರು ಕಾಕಾ. "ಹಳೇ ಕೈ ನಾ ಎಲ್ಲಿಂದ ತರ್ಲಿ?"

ಸಾಹೇಬರು ಪೆಚ್ಚಾದರು. ಹೊಸ ಕಾರ್ಡ್ ಕೊಟ್ಟು ಮೂರು ಮಾದರಿ ಸಹಿ ಮಾಡಿ ಅಂದರು. ಕಾಕಾ ಮಾಡಿದರು. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು.

"ಮೂರೂ ಬ್ಯಾರೆಬ್ಯಾರೆ ಕಾಣ್ತಾವಲ್ರಿ ಸರ್?"

"ಮೂರೂ ನಿಮ್ಮ ಕಣ್ಣ ಮುಂದನ ಹಾಕೇನಲ್ಲ?"

ಸಾಹೇಬರು ಕಾಕಾನನ್ನು ನೋಡಿದರು, ಕಾರ್ಡನ್ನು ನೋಡಿದರು. ಸಿಕ್ಕಾ ಎತ್ತಿ ಹೊಡೆದರು. ಪುಣ್ಯಾತ್ಮ! ಕಾಕಾ ಬದುಕಿದ್ದಾರೆಂದು ಸರಕಾರಕ್ಕೆ ಗೊತ್ತಾಯಿತು. ಕಾಕಿ ಅಲ್ಲೇ ಕಣ್ಣೊರೆಸಿಕೊಂಡರು.

ಹೊರಡುವಾಗ ಸಾಹೇಬರು ಒಂದು ಮಾತು ಸೇರಿಸಿದರು: "ಮುಂದಿನ ವರ್ಷಾನೂ ಸಹಿ ಹಿಂಗ ಬರಬೇಕ ನೋಡ್ರಿ ಸರ್. ಒಂದೀಟೂ ಬದಲಾಗಬಾರ್ದು."

ಎಂದೂ ಬದಲಾಗದ ಸಹಿ ಸತ್ತವರದ್ದು ಮಾತ್ರ. ಬದುಕಿದ್ದಾರೆ ಅನ್ನುವುದಕ್ಕೆ ಅದನ್ನೇ ಪುರಾವೆ ಕೇಳಿದರೆ ಹೇಗ್ರೀ ಸಾಹೇಬರೇ?